ದೂರಿಲ್ಲದ ಕಟ್ಟಡ

"ಇಳಿಸಿ, ನನ್ನ ಕೈ ಸೋತುಹೋಯ್ತು" ಎಂದಳು ಲೀಡರ್.

ಇಳಿಸುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಹಿಂದಿನ ತಿರುವು ಕೆಳಗೆ ಉಳಿದಿತ್ತು, ಮುಂದಿನದು ಇನ್ನೂ ಮೇಲಿತ್ತು, ಕುರ್ಚಿ ಮೆಟ್ಟಿಲುಗಳ ನಡುಮಧ್ಯೆ ಗಾಳಿಯಲ್ಲಿತ್ತು. ತಿರುವಿನಲ್ಲಲ್ಲದೆ ಎಲ್ಲೂ ಕುರ್ಚಿ ಇಳಿಸಬಾರದು ಎಂದು ನಿಯಮ ಮಾಡಿದವಳೂ ಅವಳೇ. ಮೇಲಿನ ಕೊನೆ ಹಿಡಿದಿದ್ದ ಅವಳಿ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಳಗಿನ ಕೊನೆಯಲ್ಲಿ ಅವಳ ಪಕ್ಕಕ್ಕಿದ್ದ ಉದ್ದಣ್ಣ, "ಇಲ್ಲೆಲ್ಲೇ ಇಳಿಸೋದು? ಇನ್ನೊಂದ್ ಸ್ವಲ್ಪ ಹಿಡ್ಕೋ" ಎಂದು ಮೊಣಕಾಲನ್ನು ಕುರ್ಚಿಯ ಅಡಿಗೆ ತೂರಿಸಿ ಭಾರವನ್ನು ತನ್ನ ಕಡೆಗೆ ಎಳೆದುಕೊಂಡ.

ಕುರ್ಚಿಯಲ್ಲಿ ಕೂತಿದ್ದ ಟೈಪಿಸ್ಟ್ ಆಂಟಿ, "ಬೀಳಿಸೋ ಯೋಚನೆ ಇದ್ರೆ ಮುಂಚೆ ಹೇಳ್ರಪ್ಪ, ಕನ್ನಡಕ ತೆಗೆದಿಟ್ಕೋತೀನಿ. ಹೊಸದು" ಎಂದರು.

ಬೇರೆ ದಿನವಾಗಿದ್ದರೆ ನಾಲ್ವರೂ ನಗುತ್ತಿದ್ದರು. ಇವತ್ತು ಯಾರಿಗೂ ನಗುವಷ್ಟು ಉಸಿರಿರಲಿಲ್ಲ. ಹೇಗೋ ಹಲ್ಲು ಕಚ್ಚಿಕೊಂಡು ಮುಂದಿನ ತಿರುವಿಗೆ ಬಂದು ಕುರ್ಚಿ ಇಳಿಸಿದಾಗ ಲೀಡರ್ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಎಡ ಮಣಿಕಟ್ಟು ಊದಿಕೊಂಡಿತ್ತು. ಹಿಂದಿನ ವಾರ ಇಳಿಯುವಾಗ ಅವಳಿಗಳಲ್ಲಿ ಚಿಕ್ಕವಳ ಚಪ್ಪಲಿ ಜಾರಿ ಕುರ್ಚಿ ಒಂದು ಕಡೆಗೆ ವಾಲಿದಾಗ ಇಡೀ ಭಾರ ಈ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಆಂಟಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ನಾಲ್ವರೂ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಆಂಟಿ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಕಿಡ್ನಿ ಎರಡೂ ಕೈಕೊಟ್ಟಿದ್ದವು. ಅದು ಸಾಲದೆಂಬಂತೆ ಸೊಂಟದ ಮೂಳೆ ಒಮ್ಮೆ ಮುರಿದು ಕೂಡಿಕೊಂಡಿತ್ತು. ಸಮತಟ್ಟಿನ ಮೇಲಾದರೆ ವಾಕರ್ ಹಿಡಿದು ನಡೆಯುತ್ತಿದ್ದರು, ಮೆಟ್ಟಿಲೆಂದರೆ ಆಗುತ್ತಿರಲಿಲ್ಲ. ಮನೆ ಆರನೇ ಮಹಡಿ. ಒಬ್ಬರೇ ಇದ್ದರು, ಮೊದಲಿನಿಂದಲೂ ಒಬ್ಬರೇ, ಅದರ ಬಗ್ಗೆ ಅವರಿಗೆ ಬೇಜಾರೂ ಇರಲಿಲ್ಲ. "ಬರುವಾಗ ನಾನು ಎರಡು ಕೆಜಿ ಕಮ್ಮಿ ಆಗಿರ್ತೀನಿ, ನೀರೆಲ್ಲಾ ತೆಗೆದುಬಿಟ್ಟಿರ್ತಾರೆ. ನೀವು ಹೊರೋದಕ್ಕೆ ಸುಲಭ ಆಗ್ಲಿ ಅಂತಾನೇ ಆಸ್ಪತ್ರೆಗೆ ಹೋಗೋದು ನಾನು" ಎಂಬುದು ಅವರ ಹಳೇ ತಮಾಷೆ.

"ಕೈ ತೋರಿಸು" ಎಂದರು ಈಗ.

"ಏನಿಲ್ಲ ಆಂಟಿ. ಬೆವರಿಗೆ ಜಾರ್ತು ಅಷ್ಟೇ."

ಆಂಟಿ ಅವಳ ಮಣಿಕಟ್ಟನ್ನೇ ನೋಡಿದರು.

ಲೀಡರ್ ಎಂಬುದು ಕಟ್ಟಡದವರು ಇಟ್ಟ ಹೆಸರು. ಮೊದಮೊದಲು ಅದರಲ್ಲಿ ಅರ್ಧ ಪ್ರೀತಿ, ಅರ್ಧ ಕೀಟಲೆ ಇತ್ತು. ಹೋದ ವರ್ಷ ಲಿಫ್ಟ್ ನಿಂತಾಗ ಅವಳಿಗೆ ಹದಿನಾರು ತುಂಬಿ ಸ್ವಲ್ಪ ದಿನವಾಗಿತ್ತು, ಶಾಲೆಗೆ ರಜೆಯಿತ್ತು. ಮೇಲಿನ ಮಹಡಿಗಳ ವಯಸ್ಸಾದವರು ಸಾಮಾನಿನ ಚೀಲ ಹಿಡಿದು ಮೆಟ್ಟಿಲಿನ ಬುಡದಲ್ಲಿ ನಿಂತು ಮೇಲೆ ನೋಡುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಹತ್ತಲಾಗದವರು ಚೀಲ ಇಲ್ಲಿಟ್ಟು ಹೋಗಿ, ನಾವು ತಲುಪಿಸುತ್ತೇವೆ ಎಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ನೇತುಹಾಕಿದಳು. ನಾವು ಎಂದರೆ ಆ ಹೊತ್ತಿಗೆ ಅವಳೊಬ್ಬಳೇ. ವಾರದೊಳಗೆ ಹತ್ತು ಹನ್ನೆರಡು ಮಕ್ಕಳು ಸೇರಿಕೊಂಡರು. ಚೀಲ, ನೀರಿನ ಕ್ಯಾನು, ಔಷಧಿ, ಒಮ್ಮೆ ಒಂದು ಹೊಲಿಗೆ ಯಂತ್ರ, ಎಲ್ಲ ಮೇಲೆ ಹೋದವು. ಆಂಟಿಗಾಗಿ ಉದ್ದಣ್ಣ ಒಂದು ಬೆತ್ತದ ಕುರ್ಚಿಗೆ ಎರಡು ಅಲ್ಯೂಮಿನಿಯಂ ಕೊಳವೆ ಸೇರಿಸಿ, ಹಳೇ ಸ್ಕೂಲ್ ಬ್ಯಾಗುಗಳ ಪಟ್ಟಿಯಿಂದ ಬಿಗಿದು ಪಲ್ಲಕ್ಕಿಯಂಥದ್ದೊಂದನ್ನು ಮಾಡಿದ. ಕಟ್ಟಡದವರೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಆ ದಿನಗಳಲ್ಲಿ ಲೀಡರ್ ಮಲಗಿದರೂ ಕಾಲು ತಾವಾಗಿಯೇ ಮೆಟ್ಟಿಲು ಹತ್ತುತ್ತಿದ್ದವು, ಸುಸ್ತು ಕೂಡ ಸುಖವಾಗಿತ್ತು.

ಈಗ ರಜೆ ಮುಗಿದು ಎಷ್ಟೋ ಕಾಲವಾಗಿತ್ತು. ಒಬ್ಬನಿಗೆ ಟ್ಯೂಷನ್, ಒಬ್ಬಳಿಗೆ ಬೆನ್ನುನೋವು, ಇನ್ನೊಬ್ಬನ ಮನೆಯೇ ಬೇರೆ ಕಡೆಗೆ ಹೋಯಿತು. ಯಾರೂ ಜಗಳವಾಡಿ ಬಿಡಲಿಲ್ಲ, ಒಬ್ಬೊಬ್ಬರಾಗಿ ಕಾಣದಾದರು, ಅಷ್ಟೇ. ಉಳಿದವರು ನಾಲ್ಕೇ ಜನ. ಕುರ್ಚಿಗೆ ಬೇಕಾದದ್ದೂ ನಾಲ್ಕು ಜನ. ಹಾಗಾಗಿ ಜ್ವರ ಬಂದರೂ ಯಾರೂ ಹೇಳುವಂತಿರಲಿಲ್ಲ.

ಲೀಡರ್‌ಗೆ ಸಾಕಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಕೂಡ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಮರುದಿನ ಶಾಲೆ ಮುಗಿಸಿ ವಸತಿ ಕಚೇರಿಗೆ ಹೋಗಬೇಕಿತ್ತು. ಆ ಸುತ್ತಿನ ಕಟ್ಟಡಗಳೆಲ್ಲ ಆ ಕಚೇರಿಯವು. ಮಕ್ಕಳಿಗೆ ಸನ್ಮಾನ ಮಾಡಲು ಶನಿವಾರ ಬೆಳಿಗ್ಗೆ ನಿರ್ದೇಶಕಿಯವರೇ ಬರುತ್ತಾರೆ, ಏರ್ಪಾಡಿನ ಬಗ್ಗೆ ಮಾತಾಡಬೇಕು ಎಂದು ಅಲ್ಲಿನ ಇಂಜಿನಿಯರ್ ಹೇಳಿ ಕಳಿಸಿದ್ದರು.

ಇಂಜಿನಿಯರ್ ಒಳ್ಳೆಯ ಮನುಷ್ಯರೇ. ಮೇಜಿನ ತುಂಬ ತಂತಿಯ ತುಂಡು, ಕಿತ್ತ ಸ್ವಿಚ್ಚು ಹರಡಿಕೊಂಡು ಕೂತಿದ್ದವರು ಅವಳನ್ನು ಕಂಡು ಎದ್ದು, ಕುರ್ಚಿಯ ಮೇಲಿದ್ದ ಹೆಲ್ಮೆಟ್ಟನ್ನು ಎತ್ತಿ ಜಾಗ ಮಾಡಿಕೊಟ್ಟರು. ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು.

"ಬಾಮ್ಮ, ಕೂತ್ಕೋ. ನೋಡು, ವೇದಿಕೆ ಗಿದಿಕೆ ಏನೂ ಇಲ್ಲ, ನಿಮ್ಮ ಮೆಟ್ಟಿಲ ಬುಡದಲ್ಲೇ. ಆ ಟೈಪಿಸ್ಟ್ ಮೇಡಂ ಶನಿವಾರ ಆಸ್ಪತ್ರೆಗೆ ಹೋಗ್ತಾರಲ್ಲ, ನೀವು ಅವರನ್ನ ಇಳಿಸಿಕೊಂಡು ಬರುವಾಗಲೇ ಫೋಟೋ. ಬೇಕು ಅಂತ ನಿಲ್ಸಿ ತೆಗೆದ ಹಾಗಿರಲ್ಲ. ಆಮೇಲೆ ಶೀಲ್ಡು."

"ಸರಿ ಸರ್. ಲಿಫ್ಟ್ ಯಾವಾಗ ಸರಿಯಾಗುತ್ತೆ?" ಎಂದಳು ಲೀಡರ್. ಅವಳು ಅದನ್ನು ಕೇಳಬೇಕೆಂದು ಬಂದಿರಲಿಲ್ಲ. ಮಣಿಕಟ್ಟು ನೋಯುತ್ತಿತ್ತು, ಮಾತು ಬಂದುಬಿಟ್ಟಿತು.

"ನಿಮ್ಮ ಲಿಫ್ಟಾ?" ಇಂಜಿನಿಯರ್ ಕುತ್ತಿಗೆ ಉಜ್ಜಿಕೊಂಡರು. "ಮೋಟಾರ್ ಬಂದಿತ್ತು ಕಣಮ್ಮ, ನಿಮ್ಮ ಶಾಲೆ ಪರೀಕ್ಷೆ ಸಮಯದಲ್ಲೇ ಬಂದಿತ್ತು. ಅದನ್ನ ಆ ಕಾಲುವೆ ಪಕ್ಕದ ಕಟ್ಟಡಕ್ಕೆ ಹಾಕಿಬಿಟ್ವಿ."

"ನಮ್ದನ್ನಾ?"

"ಏನ್ ಮಾಡೋದು ಹೇಳು. ಅವರು ದಿನಾ ಫೋನ್ ಮಾಡಿ ತಲೆ ತಿಂತಿದ್ರು. ಒಬ್ಬ ಯಜಮಾನರಂತೂ ಇಲ್ಲಿಗೇ ಬಂದು ಆ ಬೆಂಚಿನ ಮೇಲೆ ಮಲಗಿ, ಲಿಫ್ಟ್ ಆಗೋವರೆಗೂ ಏಳಲ್ಲ ಅಂದ್ರು. ನಿಮ್ಮ ಕಟ್ಟಡದಿಂದ ಒಂದು ದೂರೂ ಇಲ್ಲ. ವರ್ಷದಿಂದ ಒಂದು ಫೋನೂ ಇಲ್ಲ. ಮೀಟಿಂಗಲ್ಲಿ ಡೈರೆಕ್ಟರ್ ಮೇಡಂ ನಿಮ್ಮ ಹೆಸರೇ ಹೇಳಿದ್ರು, ಆ ಮಕ್ಕಳನ್ನ ನೋಡಿ ಕಲೀರಿ ಅಂತ." ಅವರ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. "ನಿಮಗೆ ಅಷ್ಟೊಂದು ತುರ್ತಿಲ್ಲ ಅಂತ ಗೊತ್ತಾಯ್ತಲ್ಲ, ಅದಕ್ಕೇ."

"ಈಗ ದೂರು ಕೊಟ್ರೆ?"

"ಕೊಡಿ, ಯಾರು ಬೇಡ ಅಂದ್ರು? ಸಾಲಿನಲ್ಲಿ ಸೇರಿಸ್ತೀನಿ. ಸರದಿ ಯಾವಾಗ ಬರುತ್ತೆ ಅಂತ ಮಾತ್ರ ಕೇಳಬೇಡ. ಮೇಡಂ ಮನಸ್ಸು ಮಾಡಿದ್ರೆ ಬೇರೆ ಮಾತು. ಆದ್ರೆ ಶನಿವಾರ ಅವರ ಮುಂದೆ ಅದನ್ನೆಲ್ಲ ತೆಗೀಬೇಡಿ. ಸನ್ಮಾನಕ್ಕೆ ಬಂದವರ ಹತ್ರ ಚೆನ್ನಾಗಿರಲ್ಲ."

ಲೀಡರ್ ತಲೆಯಾಡಿಸಿ ಹೊರಗೆ ಬಂದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಬಂದಿದ್ದ ಮೋಟಾರು ಹೋಗಿದ್ದು ತನ್ನಿಂದ. ತಾನು ಆ ರಟ್ಟು ನೇತುಹಾಕದಿದ್ದರೆ ಆಂಟಿ ಈ ಹೊತ್ತಿಗೆ ಗುಂಡಿ ಒತ್ತಿ ಇಳಿಯುತ್ತಿದ್ದರು.

ಕಟ್ಟಡಕ್ಕೆ ಬಂದವಳು ನೇರ ನಾಲ್ಕನೇ ಮಹಡಿಗೆ ಹತ್ತಿ ಚಪ್ಪಲಿ ಅಂಗಡಿ ಅಂಕಲ್‌ನ ಬಾಗಿಲು ತಟ್ಟಿದಳು. ಕಟ್ಟಡದಲ್ಲಿ ದೊಡ್ಡ ಬಾಯಿ ಅವರದೇ. ನೀರು ಅರ್ಧ ಗಂಟೆ ತಡವಾದರೆ ಊರಿಗೆಲ್ಲ ಕೇಳಿಸುವಂತೆ ಕೂಗಾಡುವ ಮನುಷ್ಯ.

"ಅಂಕಲ್, ಲಿಫ್ಟಿನ ಬಗ್ಗೆ ನೀವ್ಯಾಕೆ ಒಂದು ಫೋನೂ ಮಾಡಿಲ್ಲ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹೇಗಮ್ಮ ಮಾಡೋದು? ನೀವು ಮಕ್ಕಳು ಜೀವ ತೇಯ್ದು ಇಷ್ಟೆಲ್ಲ ಮಾಡ್ತಿರುವಾಗ ಲಿಫ್ಟ್ ಇಲ್ಲ, ನಮಗೆ ಕಷ್ಟ ಅಂತ ದೂರು ಕೊಟ್ರೆ ನಿಮ್ಮ ಕೆಲಸಕ್ಕೆ ಬೆಲೆ ಇಲ್ಲ ಅಂದಹಾಗಲ್ವಾ? ನಿಂಗೆ ಬೇಜಾರಾಗಲ್ವಾ? ಮೊದಲ ತಿಂಗಳೇ ಎಲ್ಲರೂ ಮಾತಾಡ್ಕೊಂಡ್ವಿ, ಮಕ್ಕಳ ಮನಸ್ಸು ನೋಯಿಸೋದು ಬೇಡ ಅಂತ."

"ಎಲ್ಲರೂನಾ?"

"ಎಲ್ಲರೂ. ನಿಮ್ಮಮ್ಮನೂ ಇದ್ದಳು."

ಲೀಡರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಕಟ್ಟಡ ಅವಳ ಮನಸ್ಸು ನೋಯದಿರಲೆಂದು ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಈಗಲಾದರೂ ಫೋನ್ ಮಾಡಿ ಎಂದು ಕೇಳಿಕೊಂಡಳು. ಅಂಕಲ್ ಗಲ್ಲ ತುರಿಸಿಕೊಂಡು, "ಮಾಡೋಣ, ಮಾಡೋಣ. ಶನಿವಾರ ಕಳೀಲಿ. ಶೀಲ್ಡ್ ಕೊಡೋಕೆ ಬರೋರನ್ನ ಬಯ್ಯೋದು ಹೇಗೆ?" ಎಂದರು.

ಅಮ್ಮ ಹೋಟೆಲೊಂದರ ಲಾಂಡ್ರಿಯಲ್ಲಿ ದಿನವಿಡೀ ನಿಂತು ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಬರುವವಳು. ಆ ಹೊತ್ತಿಗೆ ಕಾಲುಗಳನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮಗಳ ಕೈ ಕಂಡವಳೇ ಚಾಕು ಕೆಳಗಿಟ್ಟಳು.

"ಇದ್ಯಾವಾಗಿಂದ?"

"ಹೋದ ವಾರದಿಂದ."

ಅಮ್ಮ ಬಯ್ಯಲಿಲ್ಲ. ಬಯ್ಯುವುದಕ್ಕೂ ತ್ರಾಣ ಬೇಕು. ಮುಲಾಮಿನ ಡಬ್ಬಿ ತಂದು, ಈರುಳ್ಳಿಯ ವಾಸನೆಯ ಕೈಯಲ್ಲೇ ಮಗಳ ಮಣಿಕಟ್ಟು ನೀವತೊಡಗಿದಳು. ಲೀಡರ್ ಮೋಟಾರಿನ ಕಥೆ ಹೇಳಿದಳು.

"ನೀನ್ಯಾಕಮ್ಮ ಸುಮ್ನಿದ್ದೆ? ನೀನಾದ್ರೂ ಫೋನ್ ಮಾಡಬಹುದಿತ್ತಲ್ಲ?"

"ನಾನೇ ಮಾಡಿದ್ರೆ ಜನ ಏನಂತಾರೆ? ಮಗಳಿಗೆ ಮಾಡೋಕಾಗ್ತಿಲ್ಲ, ಅದಕ್ಕೆ ತಾಯಿ ಫೋನ್ ಮಾಡ್ತಿದ್ದಾಳೆ ಅಂತಾರೆ." ಡಬ್ಬಿಯಿಂದ ಇನ್ನಷ್ಟು ಮುಲಾಮು ತೆಗೆದುಕೊಂಡು ಅಮ್ಮ ಹೇಳಿದಳು, "ನಿನ್ನನ್ನ ಎಲ್ಲರೂ ಹೊಗಳುವಾಗ ನಂಗೂ ಖುಷಿ ಆಗ್ತಿತ್ತು ಕಣೇ. ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳ್ಕೊಂಡು ಓಡಾಡಿದೀನಿ."

"ನಂಗೆ ಸಾಕಾಗಿದೆ ಅಮ್ಮ."

"ಗೊತ್ತು."

"ಬಿಟ್ರೆ ಆಂಟಿ ಆಸ್ಪತ್ರೆಗೆ ಹೇಗೆ ಹೋಗೋದು? ಬಿಡದಿದ್ರೆ ಲಿಫ್ಟ್ ಬರಲ್ಲ. ಒಂದಿನ ನಾವು ಅವರನ್ನ ಬೀಳಿಸ್ತೀವಿ. ಖಂಡಿತ ಬೀಳಿಸ್ತೀವಿ."

ಅಮ್ಮನ ಹೆಬ್ಬೆರಳು ಒಂದು ಗಳಿಗೆ ನಿಂತಿತು. "ಅವರಿಗೇ ಹೇಳು" ಎಂದಳು. "ಹೊರಿಸಿಕೊಳ್ಳೋರು ಅವರು. ಅವರನ್ನ ಬಿಟ್ಟು ಎಲ್ಲರನ್ನೂ ಕೇಳ್ತಾ ಇದೀಯಲ್ಲ."

ಶುಕ್ರವಾರ ಸಂಜೆ ಲೀಡರ್ ಆರನೇ ಮಹಡಿಗೆ ಹೋದಳು. ಆಂಟಿಯ ಮನೆ ಒಂದೇ ಕೋಣೆ. ಕಿಟಕಿಯ ಪಕ್ಕ ಮಂಚ, ಅದರ ಬದಿಗೆ ಅಳೆದು ಕುಡಿಯುವ ನೀರಿನ ಸಣ್ಣ ಬಾಟಲಿ, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹಳೇ ಟೈಪ್‌ರೈಟರ್. ಆಂಟಿ ಕಾಲಿನ ಉಗುರಿಗೆ ಕೈ ನಿಲುಕಿಸಲು ಹೆಣಗಾಡುತ್ತಿದ್ದರು. ಲೀಡರ್ ಕತ್ತರಿ ತೆಗೆದುಕೊಳ್ಳಲು ಕೈ ಚಾಚಿದಳು, ಅವರು ಕೊಡಲಿಲ್ಲ.

"ಹೇಳು. ಬಾಗಿಲಲ್ಲಿ ನಿಂತಾಗಲೇ ನಿನ್ನ ಮುಖ ಏನೋ ಹೇಳ್ತಿತ್ತು."

ಲೀಡರ್ ಹೇಳಿದಳು. ಮೋಟಾರು, ದೂರು, ಚಪ್ಪಲಿ ಅಂಗಡಿ ಅಂಕಲ್, ಹೋದ ವಾರ ಕುರ್ಚಿ ವಾಲಿದಾಗ ತನಗಾದ ಭಯ, ಎಲ್ಲವನ್ನೂ. ನಾವು ಹೊರುವುದನ್ನು ನಿಲ್ಲಿಸಿದರೆ ಮಾತ್ರ ಲಿಫ್ಟ್ ಬರುತ್ತದೇನೋ ಎಂದು ಮೆಟ್ಟಿಲು ಹತ್ತುತ್ತ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಅದನ್ನು ಅರ್ಧಕ್ಕೇ ಬಿಟ್ಟಳು. "ಅದೆಲ್ಲ ಬಿಡಿ ಆಂಟಿ" ಎಂದಳು. "ನಿಜ ಅಂದ್ರೆ ನಂಗೆ ಆಗ್ತಿಲ್ಲ. ಮೊದಮೊದಲು ನಿಮ್ಮ ಆಸ್ಪತ್ರೆ ದಿನ ಬಂದ್ರೆ ಖುಷಿ ಆಗ್ತಿತ್ತು. ಈಗ ಹಿಂದಿನ ದಿನವೇ, ನಾಳೆ ಬರದಿದ್ರೆ ಸಾಕು ಅನ್ಸುತ್ತೆ."

ಆಂಟಿ ಕತ್ತರಿಯನ್ನು ಮಂಚದ ಮೇಲಿಟ್ಟರು. ತನಗೆ ಸಮಾಧಾನ ಹೇಳುತ್ತಾರೆಂದು ಲೀಡರ್ ಅಂದುಕೊಂಡಿದ್ದಳು. ಅವರು ಹೇಳಲಿಲ್ಲ.

"ನಂಗೆ ಹೇಗಾಗುತ್ತೆ ಅಂತ ಯಾವತ್ತಾದ್ರೂ ಕೇಳಿದೀಯಾ?" ಎಂದರು. "ಆ ಕುರ್ಚಿಯಲ್ಲಿ ಕೂತು ಗೊಂಬೆ ಥರ ಇಳಿಯೋದು, ಪ್ರತಿ ಮಹಡಿಯಲ್ಲೂ ಬಾಗಿಲು ತೆಗೆದು ಜನ ನೋಡೋದು, ನಾನು ತಮಾಷೆ ಮಾಡೋದು. ತಮಾಷೆ ಮಾಡದಿದ್ರೆ ನೀವು ಮಕ್ಕಳು ಬೇಜಾರು ಮಾಡ್ಕೋತೀರಿ ಅಂತ ಮಾಡೋದು. ದೂರು ಕೊಡೋಕೆ ನಂಗೇನು ಬರಲ್ವಾ? ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ದೂರುಗಳನ್ನೇ ಟೈಪ್ ಮಾಡಿದವಳು ನಾನು. ನಿಮ್ಮ ಮುಖ ನೋಡಿ ಸುಮ್ನಿದ್ದೆ."

ಲೀಡರ್ ತಲೆ ತಗ್ಗಿಸಿದಳು. ಇಬ್ಬರಿಗೂ ಅಳು ಬಂದಿತ್ತು, ಇಬ್ಬರೂ ಅಳಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ಬರ್ಲಿ ಆಂಟಿ?"

"ಯಾವಾಗಲೂ ಬರೋ ಹೊತ್ತಿಗೆ. ಈಗ ಹೋಗು, ಓದ್ಕೋ. ಬಾಗಿಲು ಎಳ್ಕೊಂಡು ಹೋಗು."

ಶನಿವಾರ ಬೆಳಿಗ್ಗೆ ಮೆಟ್ಟಿಲಿನ ಬುಡದಲ್ಲಿ ಹತ್ತಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಿರ್ದೇಶಕಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದುಬಿಟ್ಟಿದ್ದರು. ಹತ್ತಿಯ ಸಾದಾ ಉಡುಪಿನ, ನಗುಮುಖದ ಹೆಂಗಸು. ಬಂದವರೇ ಅವಳಿಗಳ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದರು. ಫೋಟೋದವನು ಮೆಟ್ಟಿಲ ಬೆಳಕು ನೋಡಿ ಮುಖ ಸಿಂಡರಿಸುತ್ತಿದ್ದ. ಹೊರಗೆ ಆಸ್ಪತ್ರೆಯ ವ್ಯಾನು ನಿಂತಿತ್ತು. ಮಕ್ಕಳು ನಾಲ್ವರೂ ಒಗೆದು ಇಸ್ತ್ರಿ ಮಾಡಿದ ಶಾಲೆಯ ಅಂಗಿ ತೊಟ್ಟು ಕುರ್ಚಿ ಹೊತ್ತುಕೊಂಡು ಮೇಲೆ ಹೊರಟರು. ಲೀಡರ್‌ನ ಮಣಿಕಟ್ಟಿಗೆ ಅಮ್ಮ ಪಟ್ಟಿ ಸುತ್ತಿದ್ದಳು, ಅದು ಕಾಣದಿರಲೆಂದು ಇವಳು ಅಂಗಿಯ ತೋಳನ್ನು ಇಳಿಬಿಟ್ಟಿದ್ದಳು.

ಐದನೇ ಮಹಡಿ ದಾಟುವಾಗ ಮೇಲಿನಿಂದ ಏನೋ ಉಜ್ಜಿದಂಥ ಸದ್ದು ಕೇಳಿತು. ಸ್ವಲ್ಪ ಹೊತ್ತು ಇಲ್ಲ, ಮತ್ತೆ ಅದೇ ಸದ್ದು. ತಿರುವಿನಲ್ಲಿ ತಲೆಯೆತ್ತಿ ನೋಡಿದರೆ ಟೈಪಿಸ್ಟ್ ಆಂಟಿ ಮೆಟ್ಟಿಲ ಮೇಲೆ ಕೂತಿದ್ದರು. ಕೂತಲ್ಲಿಂದ ಎರಡೂ ಕಾಲುಗಳನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟು, ಬಲಗೈಯನ್ನು ಪಕ್ಕಕ್ಕೆ ಊರಿ, ಮೈಯನ್ನು ಒಂದು ಮೆಟ್ಟಿಲು ಕೆಳಕ್ಕೆ ಜಾರಿಸಿಕೊಂಡರು. ರಕ್ತ ಶುದ್ಧಿಗೆ ಸೂಜಿ ಚುಚ್ಚಿಸಿಕೊಳ್ಳುವ ಎಡಗೈಯ ಮೇಲೆ ಭಾರ ಹಾಕುವಂತಿರಲಿಲ್ಲ, ಅದನ್ನು ಎದೆಗೆ ಅವುಚಿಕೊಂಡಿದ್ದರು. ಹಣೆಯ ತುಂಬ ಬೆವರು. ವಾಕರ್ ಅವರ ಮೇಲಿನ ಮೆಟ್ಟಿಲಿನಲ್ಲಿ ಓರೆಯಾಗಿ ನಿಂತಿತ್ತು. ಅದನ್ನೂ ಇಷ್ಟು ದೂರ ಎಳೆದುಕೊಂಡೇ ಬಂದಿದ್ದರು.

ಲೀಡರ್ ಕುರ್ಚಿ ಬಿಟ್ಟು ಓಡಿದಳು.

"ಮುಟ್ಟಬೇಡ" ಎಂದರು ಆಂಟಿ.

"ಆಂಟಿ, ಸೊಂಟ..."

"ನನ್ನ ಸೊಂಟ ನಂಗೆ ಗೊತ್ತು. ವಾಕರ್ ಹಿಡ್ಕೋ, ಅದೊಂದು ಕಾಟ ಆಗಿದೆ. ನಿನ್ನ ಕೈಗೂ ಒಂದು ಕೆಲಸ ಆಗುತ್ತೆ."

ಉದ್ದಣ್ಣ ಕುರ್ಚಿಯನ್ನು ಗೋಡೆಗೆ ಒರಗಿಸಿದ. ಏನು ಮಾಡಬೇಕೆಂದು ತಿಳಿಯದೆ ಅವಳಿಗಳು ಮೂಲೆಗೆ ಸರಿದರು. ಲೀಡರ್ ವಾಕರ್ ಎತ್ತಿಕೊಂಡು ಆಂಟಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಳು. ಅವರು ಇಳಿದಾಗ ತಾನೂ ಇಳಿದಳು, ಅವರು ನಿಂತಾಗ ನಿಂತಳು. ಒಂದು ವರ್ಷ ಅವರನ್ನು ಹೊತ್ತಾಗಲೂ ಅವಳಿಗೆ ಇಷ್ಟು ಕಷ್ಟವಾಗಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು, ವಾಕರಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಅದನ್ನು ತಡೆಯುತ್ತಿದ್ದಳು.

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದ ಚಪ್ಪಲಿ ಅಂಗಡಿ ಅಂಕಲ್ ಹೊಸ ಅಂಗಿ ತೊಟ್ಟು ಸಮಾರಂಭಕ್ಕೆ ಹೊರಟಿದ್ದರು. ನೆಲದಲ್ಲಿ ಕೂತ ಆಂಟಿಯನ್ನು ಕಂಡು ಅವರ ದೊಡ್ಡ ದನಿ ಇಳಿದುಹೋಯಿತು.

"ಏನ್ರೀ ಇದು, ಬಿದ್ರಾ?"

"ಇಲ್ಲ. ಇಳೀತಾ ಇದೀನಿ" ಎಂದರು ಆಂಟಿ. "ಲಿಫ್ಟ್ ಇಲ್ಲವಲ್ಲ."

ಅಂಕಲ್ ಆಚೆ ಈಚೆ ನೋಡಿದರು, ಲೀಡರ್ ಕಡೆಗೆ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಆಂಟಿಯ ಹಿಂದೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಮೂರನೇ ಮಹಡಿಯವರೂ ಹೊರಗೆ ಬಂದರು. ಒಬ್ಬರು ಕೂರುವುದಕ್ಕೆ ದಿಂಬು ತಂದುಕೊಟ್ಟರು, ಆಂಟಿ ತಲೆಯಾಡಿಸಿ ಬೇಡವೆಂದರು. ತಿರುವಿನಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಉಸಿರು ಸಿಕ್ಕಿಕೊಂಡಂತೆ ಬರುತ್ತಿತ್ತು. ಲೀಡರ್ ಅವರ ಪಕ್ಕ ಕೂತಳು.

"ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡ್ತಿದೀರಾ ಆಂಟಿ?" ಎಂದಳು ಮೆಲ್ಲಗೆ.

"ರಾತ್ರಿ ಇತ್ತು ಸಿಟ್ಟು" ಎಂದರು ಆಂಟಿ, ಕಣ್ಣು ತೆರೆಯದೆ. "ಬೆಳಿಗ್ಗೆ ಎದ್ದು ನೋಡಿದ್ರೆ ಸುಸ್ತು ಮಾತ್ರ ಉಳಿದಿತ್ತು. ನಿಂಗೆ ಇರೋ ಅಂಥದ್ದೇ." ಆಮೇಲೆ ಕಣ್ಣು ತೆರೆದು, "ಇನ್ನೆಷ್ಟಿದೆ?" ಎಂದರು.

"ಇನ್ನೂ ಇದೆ ಆಂಟಿ."

"ನಡಿ ಹಾಗಾದ್ರೆ."

ಕೆಳಗಿದ್ದವರಿಗೆ ಮೊದಲು ಆಂಟಿಯ ಪಾದಗಳು ಕಂಡವು. ಫೋಟೋದವನು ಕ್ಯಾಮೆರಾ ಎತ್ತಿದ, ಕೂತು ಜಾರಿಕೊಂಡು ಬರುತ್ತಿದ್ದ ಹೆಂಗಸನ್ನು ನೋಡಿ ಅದನ್ನು ಮತ್ತೆ ಇಳಿಸಿದ. ಚಪ್ಪಾಳೆ ತಟ್ಟಲು ಸಿದ್ಧವಾಗಿದ್ದವರ ಕೈಗಳು ಹಾಗೇ ಮಡಿಲಿಗೆ ಹೋದವು. ಆಂಟಿಯ ಹಿಂದೆ ಕಟ್ಟಡದ ಅರ್ಧ ಜನ ಸಾಲಾಗಿ ಇಳಿದು ಬರುತ್ತಿದ್ದರು. ನಿರ್ದೇಶಕಿಯ ನಗು ಮುಖದ ಮೇಲೆ ಇನ್ನೂ ಇತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯದಂತಿತ್ತು.

ಕೊನೆಯ ಮೆಟ್ಟಿಲಿಗೆ ಬಂದು ಆಂಟಿ ಕೈ ಚಾಚಿದರು. ಲೀಡರ್ ವಾಕರ್ ಅವರ ಮುಂದೆ ಇಟ್ಟು ಅದರ ಮುಂದಿನ ಎರಡೂ ಕಾಲುಗಳನ್ನು ಅದುಮಿ ಹಿಡಿದಳು. ಅವರು ಅದನ್ನು ಹಿಡಿದು ಏಳಲು ನೋಡಿ, ಕೂತರು. ಮತ್ತೆ ನೋಡಿ ಎದ್ದರು. ಬೆನ್ನಿನಿಂದ ಕೆಳಗಿನವರೆಗೆ ಉಡುಪೆಲ್ಲ ಆರು ಮಹಡಿಯ ಧೂಳು ಮೆತ್ತಿ ಬೂದಿಬಣ್ಣವಾಗಿತ್ತು. ಒಂದು ಕಡೆ ಹರಿದೂ ಇತ್ತು. ಲೀಡರ್ ಕೊಡವಲು ಕೈ ಎತ್ತಿದಳು.

"ಬೇಡ, ಇರ್ಲಿ" ಎಂದರು ಆಂಟಿ.

ಅವರು ನಿರ್ದೇಶಕಿಯ ಕಡೆಗೆ ನೋಡಿ, "ನಮಸ್ಕಾರ. ಆಸ್ಪತ್ರೆಗೆ ಹೊತ್ತಾಯ್ತು, ತಪ್ಪು ತಿಳ್ಕೋಬೇಡಿ" ಎಂದು, ಪ್ಲಾಸ್ಟಿಕ್ ಕುರ್ಚಿಗಳ ನಡುವೆ ವಾಕರನ್ನು ಎತ್ತಿಡುತ್ತ ಎತ್ತಿಡುತ್ತ ವ್ಯಾನಿನ ಕಡೆಗೆ ನಡೆದರು. ಜನ ಕುರ್ಚಿ ಸರಿಸಿ ದಾರಿ ಬಿಟ್ಟರು. ಆ ಬೆನ್ನು ಬಾಗಿಲು ದಾಟುವವರೆಗೂ ಎಲ್ಲರೂ ಅದನ್ನೇ ನೋಡುತ್ತಿದ್ದರು.

ನಿರ್ದೇಶಕಿ ಇಂಜಿನಿಯರ್ ಕಡೆಗೆ ತಿರುಗಿದರು. "ಇಳಿದ್ರು ಸರಿ. ಸಂಜೆ ವಾಪಸ್ ಹತ್ತೋದು ಹೇಗೆ ಇವರು?"

ಇಂಜಿನಿಯರ್ ಉತ್ತರಕ್ಕಾಗಿ ಲೀಡರ್‌ನ ಮುಖ ನೋಡಿದರು. ಚಪ್ಪಲಿ ಅಂಗಡಿ ಅಂಕಲ್ ಕೂಡ ಅವಳನ್ನೇ ನೋಡಿದರು. ಅಮ್ಮ ಮಾತ್ರ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಇಂಜಿನಿಯರನ್ನೇ ನೋಡುತ್ತಿದ್ದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಲೀಡರ್ ಕಡೆಗೆ ತಿರುಗಿದರು. ಲೀಡರ್‌ನ ಬಾಯಿ ರೂಢಿಯಂತೆ, ನಾವು ಹೊರ್ತೀವಿ ಎನ್ನಲು, ಅರ್ಧ ತೆರೆದಿತ್ತು. ಅವಳು ಅದನ್ನು ಮುಚ್ಚಿದಳು. ಹೋಗಿ ಕೊನೆಯ ಮೆಟ್ಟಿಲ ಮೇಲೆ ಕೂತಳು. ಉದ್ದಣ್ಣ ಬಂದು ಪಕ್ಕದಲ್ಲಿ ಕೂತ, ಅವಳಿಗಳು ಹಿಂದಿನ ಮೆಟ್ಟಿಲಿನಲ್ಲಿ ಕೂತರು. ಹೊರಗೆ ವ್ಯಾನಿನ ಬಾಗಿಲು ಎಳೆದುಕೊಂಡ ಸದ್ದಾಯಿತು, ಅದು ಹೊರಟಿತು. ಒಳಗೆ ಎಲ್ಲರೂ ಅವಳ ಮಾತಿಗಾಗಿ ಕಾಯುತ್ತಿದ್ದರು. ಅವಳು ಮಂಡಿಯ ಮೇಲೆ ಗಲ್ಲವಿಟ್ಟುಕೊಂಡು ಕೂತೇ ಇದ್ದಳು.